ಚೆಕ್ ಹುಡುಗಿಗಾಗಿ ಬೇಡಿದ ಸಣ್ಣ ಉಳುಕು

ನನ್ನ ಗಂಡ ಟೆನಿಸ್ ಆಡುತ್ತಿದ್ದರು ಎಂದು ಬರೆದರೆ ಟೆನಿಸ್ ಬೇಜಾರು ಮಾಡಿಕೊಂಡೀತು. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಾವು ಬಾಡಿಗೆಗಿದ್ದ ಕಾಲ ಅದು, ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಚಡ್ಡಿ ಹಾಕಿಕೊಂಡು ಹತ್ತಿರದ ಕ್ಲಬ್ಬಿಗೆ ಹೋಗುವರು, ಮಧ್ಯಾಹ್ನ ಸೊಂಟ ಹಿಡಿದುಕೊಂಡು ಬಂದು ಮಲಗುವರು. ಒಂದು ಭಾನುವಾರ ಮಾತ್ರ ಮಲಗಲಿಲ್ಲ. ಅಡುಗೆಮನೆಗೆ ಬಂದು, ನಾನು ಕೇಳದೆಯೇ ಈರುಳ್ಳಿ ಹೆಚ್ಚತೊಡಗಿದರು. ಏನೋ ಎಡವಟ್ಟು ಮಾಡಿಕೊಂಡು ಬಂದಿದ್ದಾರೆಂದು ಆಗಲೇ ಗೊತ್ತಾಯಿತು.

"ಕ್ಲಬ್ಬಲ್ಲಿ ಕೇಳಿದ್ರು ಕಣೇ. ಜನವರಿ ಟೂರ್ನಮೆಂಟ್‌ಗೆ ಫಾರಿನ್ ಪ್ಲೇಯರ್ಸ್ ಬರ್ತಾರಂತೆ. ಚಿಕ್ಕಪುಟ್ಟವರಿಗೆ ಹೋಟೆಲ್ ಕಷ್ಟ. ಯಾರ ಮನೇಲಾದ್ರೂ ರೂಮ್ ಇದ್ರೆ ಅಂತ..."

"ನಮ್ಮನೇಲಿ ಎಲ್ಲಿದೆ ರೂಮು?"

"ಕಂಪ್ಯೂಟರ್ ರೂಮಿದೆಯಲ್ಲ."

"ಬರೋದು ಹುಡುಗನಾ, ಹುಡುಗೀನಾ?"

"ಹುಡುಗಿ. ಚೆಕ್ ದೇಶದವಳು." ಈರುಳ್ಳಿ ಹೆಚ್ಚುವ ವೇಗ ಇದ್ದಕ್ಕಿದ್ದಂತೆ ಹೆಚ್ಚಾಯಿತು.

ಡಿಸೆಂಬರ್ ಕೊನೆಯ ವಾರ ಅವಳು ಬಂದಳು. ಬಾಗಿಲಿನ ಚೌಕಟ್ಟಿಗೆ ತಲೆ ತಾಗೀತೇನೋ ಅನ್ನುವಷ್ಟು ಎತ್ತರ, ಬಿಸಿಲಿಗೆ ಕೆಂಪಾದ ಮೂಗು, ಹೆಗಲಲ್ಲಿ ಹಾಸಿಗೆ ಸುರುಳಿಯಷ್ಟು ದೊಡ್ಡ ರ‍್ಯಾಕೆಟ್ ಬ್ಯಾಗು. ಕೋಚ್ ಇಲ್ಲ, ಅಮ್ಮ ಇಲ್ಲ, ಜೊತೆಗೆ ಯಾರೆಂದರೆ ಯಾರೂ ಇಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ ಪ್ರಪಂಚದ ಆ ತುದಿಯಿಂದ ಒಬ್ಬಳೇ ಬಂದು, ನಮ್ಮ ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ, ಯಾರೂ ಹೇಳದೆ ತನ್ನ ಶೂ ಬಿಚ್ಚಿ ಪಕ್ಕದಲ್ಲಿ ಜೋಡಿಸಿದಳು. ಅವಳ ಊರಿನಲ್ಲೂ ಹಾಗೇ ಅಂತೆ. ಗಂಡನ ಮೇಲಿದ್ದ ನನ್ನ ಅರ್ಧ ಕೋಪ ಅಲ್ಲಿಗೇ ಇಳಿಯಿತು.

ಅವಳ ಅಪ್ಪ ಸಿಟಿ ಬಸ್ ಡ್ರೈವರ್. ಬಸ್ ಡಿಪೋದ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಾ ಆಟ ಕಲಿತವಳು ಇವಳು. ರಜೆ ಸಿಕ್ಕಾಗಲೆಲ್ಲ ಅಪ್ಪ ಹಳೇ ಕಾರಿನಲ್ಲಿ ಊರೂರು ಸುತ್ತಿಸಿ ಆಡಿಸುತ್ತಿದ್ದರಂತೆ. ಅವಳು ಆಡುತ್ತಿದ್ದರೆ ಅವರು ಕಾರಿನಲ್ಲಿ ನಿದ್ದೆ ಮಾಡುವರು, ಯಾಕೆಂದರೆ ನೋಡುತ್ತಾ ಕೂರುವಷ್ಟು ಗುಂಡಿಗೆ ಅವರಿಗಿರಲಿಲ್ಲ. ಇದನ್ನೆಲ್ಲ ಅವಳು ತನ್ನ ತುಂಡು ತುಂಡು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಮ್ಮವರು ಅದನ್ನು ನನಗೆ ಕನ್ನಡಕ್ಕೆ ಅನುವಾದ ಮಾಡಿ ಹೇಳುತ್ತಿದ್ದರು, ನಾನೇನೋ ಇಂಗ್ಲಿಷ್ ಬಾರದವಳ ಹಾಗೆ.

ಪ್ರಪಂಚದಲ್ಲಿ ಅವಳ ರ‍್ಯಾಂಕು ಆಗ ನೂರಮೂವತ್ತರ ಆಸುಪಾಸು. ಮೆಲ್ಬರ್ನಿನಲ್ಲಿದ್ದ ನನ್ನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅಕ್ಕ ಮೂರ್ಛೆ ಹೋಗುವುದೊಂದು ಬಾಕಿ.

"ನೂರಮೂವತ್ತಾ? ಇಡೀ ವರ್ಲ್ಡ್‌ಗಾ? ಸಿಇಟೀಲಿ ಬರೀ ಕರ್ನಾಟಕಕ್ಕೆ ನೂರಮೂವತ್ತು ಬಂದ್ರೆ ಪೇಪರಲ್ಲಿ ಫೋಟೋ ಹಾಕ್ತಾರೆ ಕಣೆ!"

ಟೆನಿಸ್ಸಿನಲ್ಲಿ ಆ ರ‍್ಯಾಂಕಿಗೆ ಫೋಟೋ ಇಲ್ಲ, ಸೀಟೂ ಇಲ್ಲ ಎಂದು ನಮ್ಮವರು ನಮ್ಮಿಬ್ಬರಿಗೂ ಪಾಠ ಮಾಡಿದರು. ಮೆಲ್ಬರ್ನಿನ ದೊಡ್ಡ ಟೂರ್ನಮೆಂಟಿಗೆ ಮೊದಲ ನೂರು ಚಿಲ್ಲರೆ ಜನರಿಗೆ ಮಾತ್ರ ನೇರ ಪ್ರವೇಶ. ಉಳಿದವರು ಒಂದು ವಾರ ಮೊದಲೇ ಬಂದು ಕ್ವಾಲಿಫೈಯಿಂಗ್ ಆಡಬೇಕು. ಮೂರು ಮ್ಯಾಚ್ ಸತತವಾಗಿ ಗೆದ್ದವರು ಒಳಗೆ, ಅಂದರೆ ಮೇನ್ ಡ್ರಾಗೆ. ಒಂದು ಸೋತರೂ ಗಂಟುಮೂಟೆ ಕಟ್ಟಬೇಕು. ಆ ಮೇನ್ ಡ್ರಾದಲ್ಲಿ ಒಂದೇ ಒಂದು ಮ್ಯಾಚ್ ಆಡುವುದು ಅವಳ ಜೀವನದ ಗುರಿ.

ಆಮೇಲೆ ಪ್ರತಿ ಜನವರಿ ಅವಳು ಬರತೊಡಗಿದಳು. ಸಿಡ್ನಿಯಲ್ಲಿ ಬೇಗನೆ ಸೋಲುವಳು, ಮೆಲ್ಬರ್ನಿಗೆ ಹೊರಡುವಳು. ಅಲ್ಲಿ ಬಾಕ್ಸ್ ಹಿಲ್‌ನಲ್ಲಿ ಅಕ್ಕನ ಅಪಾರ್ಟ್‌ಮೆಂಟು. ಮೊದಲ ವರ್ಷ, ಇವಳನ್ನು ಉಳಿಸಿಕೊಳ್ಳುತ್ತೀಯಾ ಎಂದು ಸುಮ್ಮನೆ ಒಂದು ಮಾತು ಕೇಳಿದ್ದೆ, ಎರಡನೇ ವರ್ಷದಿಂದ ಅಕ್ಕ ಅವಳನ್ನು ನನ್ನಿಂದ ಕಿತ್ತುಕೊಂಡುಬಿಟ್ಟಳು. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕ್ ಆಫೀಸಿನಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ಅಕ್ಕ, ಮನೆಗೆ ಬಂದರೆ ಈ ಹುಡುಗಿಯ ತಟ್ಟೆ ಮೇಲೆ ನಡೆಸುತ್ತಿದ್ದಳು. ಮ್ಯಾಚಿನ ಹಿಂದಿನ ದಿನ ಬರೀ ಬೇಯಿಸಿದ ಪಾಸ್ತಾ ತಿನ್ನುವುದು ಹುಡುಗಿಯ ನಿಯಮ. ಅಕ್ಕನಿಗೆ ಅದು ನೋಡಲಾಗದ ದೃಶ್ಯ. "ಸಪ್ಪೆ ಹುಳದ ಥರ ಇದೆ, ಇದನ್ನ ತಿಂದು ಓಡೋದು ಹೇಗೆ?" ಎಂದು ಅದರ ಮೇಲೆ ತಿಳಿಸಾರು ಹೊಯ್ದಳು. ಹುಡುಗಿ ಒಂದು ತುತ್ತು ತಿಂದು, ತಟ್ಟೆಯನ್ನು ಎತ್ತಿ ಉಳಿದ ಸಾರು ಕುಡಿದಳು. ಆ ವರ್ಷ ಒಂದು ಸುತ್ತು ಗೆದ್ದಳು ಬೇರೆ. ಅಲ್ಲಿಂದ ಮುಂದೆ ಆಟದಲ್ಲಿ ಏನು ಒಳ್ಳೆಯದಾದರೂ ಅದು ಸಾರಿನಿಂದ, ಕೆಟ್ಟದ್ದಾದರೆ ಸಿಡ್ನಿಯಲ್ಲಿ ನಾನು ಹಾಕಿದ ಊಟದಿಂದ.

ಅವಳು ನಮ್ಮಿಬ್ಬರನ್ನೂ ಅಕ್ಕ ಎಂದೇ ಕರೆಯುತ್ತಿದ್ದಳು. ನಮ್ಮವರನ್ನು "ಕೋಚ್" ಎನ್ನುವಳು. ಅದು ತಮಾಷೆ ಎಂದು ಅವರೊಬ್ಬರಿಗೇ ತಿಳಿದಿರಲಿಲ್ಲ. ಒಮ್ಮೆ ಪ್ರಾಕ್ಟೀಸಿಗೆ ಕರೆದಳೆಂದು ಎದುರು ನಿಂತು, ಅವಳ ಮೊದಲ ಸರ್ವಿಸನ್ನು ಹೊಟ್ಟೆಯಿಂದ ವಾಪಸು ಕಳಿಸಿದ್ದರು. ಆದರೂ ಆಫೀಸಿನಲ್ಲಿ ಎಲ್ಲರ ಹತ್ತಿರ "ನಮ್ಮ ಹುಡುಗಿ" ಎಂದು ಕೊಚ್ಚಿಕೊಳ್ಳುವುದು ಬಿಡಲಿಲ್ಲ. ಅವಳು ಬೇರೆ ದೇಶಗಳಲ್ಲಿ ಆಡುವಾಗ ಕಂಪ್ಯೂಟರ್ ಮುಂದೆ ಕೂತು, ಸ್ಕೋರಿನ ಪುಟ ರಿಫ್ರೆಶ್ ಮಾಡುವ ಕೀಯನ್ನು ಒತ್ತಿ ಒತ್ತಿ ಸವೆಸಿಬಿಟ್ಟರು.

ರ‍್ಯಾಂಕು ಏರಿತು, ಇಳಿಯಿತು. ಒಮ್ಮೆ ನೂರರ ಹತ್ತಿರ ಹತ್ತಿರ ಹೋಗಿದ್ದಾಗ ಮಣಿಕಟ್ಟಿನ ಆಪರೇಷನ್ ಆಯಿತು, ಮತ್ತೆ ಕೆಳಗಿಂದ ಶುರು. ಮೆಲ್ಬರ್ನಿನ ಕ್ವಾಲಿಫೈಯಿಂಗ್‌ನಲ್ಲಿ ಒಂದು ವರ್ಷ ಮೊದಲ ಸುತ್ತಿನಲ್ಲಿ ಸೋತಳು, ಒಂದು ವರ್ಷ ಎರಡನೆಯದರಲ್ಲಿ. ದಶಕ ಮುಗಿಯುತ್ತಾ ಬಂದಿದ್ದ ಒಂದು ಜನವರಿಯಲ್ಲಿ, ನಮ್ಮ ಮನೆಗೆ ಬಂದು ಶೂ ಬಿಚ್ಚುತ್ತಲೇ ಹೇಳಿದಳು: "ಅಕ್ಕ, ಇದೇ ಕೊನೆ. ಈ ಸಲ ಒಳಗೆ ಹೋಗದಿದ್ದರೆ ಊರಿಗೆ ಹೋಗಿ ಮಕ್ಕಳಿಗೆ ಕಲಿಸ್ತೀನಿ. ಅಪ್ಪನಿಗೂ ಹೇಳಿದ್ದೀನಿ." ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಆ ಸಲ ನಾವಿಬ್ಬರೂ ರಜೆ ಹಾಕಿ ಅವಳನ್ನು ಕಾರಿನಲ್ಲೇ ಮೆಲ್ಬರ್ನಿಗೆ ಕರೆದುಕೊಂಡು ಹೋದೆವು. ಮೊದಲ ಮ್ಯಾಚ್ ಗೆದ್ದಳು. ಎರಡನೆಯದೂ ಗೆದ್ದಳು. ಮೂರನೆಯದರಲ್ಲಿ, ಗೆಲುವು ಇನ್ನೇನು ಕೈಗೆ ಬಂತು ಅನ್ನುವಾಗ, ಹದಿನೇಳು ವರ್ಷದ ಒಂದು ಪೋರಿ ತಿರುಗಿಬಿದ್ದು ಸೋಲಿಸಿಬಿಟ್ಟಳು. ಗ್ಯಾಲರಿಯಲ್ಲಿ ಅಕ್ಕ ಆ ಪೋರಿಗೆ ಕನ್ನಡದಲ್ಲಿ ಏನೇನು ಅಂದಳೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡು ಮನೆಗೆ ಬಂದರೆ, ನಮ್ಮ "ಕೋಚ್" ಸಾಹೇಬರು ಹೊಸ ಪಾಠ ತೆಗೆದರು. ಕೊನೆಯ ಸುತ್ತಿನಲ್ಲಿ ಸೋತವರಿಗೆ ಇನ್ನೊಂದು ಸಣ್ಣ ಕಿಂಡಿ ಇದೆಯಂತೆ. ಒಳಗಿರುವವರಲ್ಲಿ ಯಾರಾದರೂ ತಮ್ಮ ಮೊದಲ ಮ್ಯಾಚಿಗೆ ಮುಂಚೆ ಗಾಯವೋ ಜ್ವರವೋ ಆಗಿ ಹಿಂದೆ ಸರಿದರೆ, ಆ ಜಾಗ ಸೋತವರಲ್ಲಿ ಮೇಲಿನ ರ‍್ಯಾಂಕಿನವರಿಗೆ. ಹಾಗೆ ಹೋದವರನ್ನು ಲಕ್ಕಿ ಲೂಸರ್ ಅನ್ನುತ್ತಾರೆ. ಮದುವೆಯಾದಾಗಿನಿಂದ ಇವರನ್ನು ಕರೆಯಲು ನಾನು ಹುಡುಕುತ್ತಿದ್ದ ಪದ ಅದೇ ಎಂದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಸಾಲಿನಲ್ಲಿ ನಮ್ಮ ಹುಡುಗಿಯೇ ಮೊದಲನೆಯವಳು. ಸೋಮವಾರ, ಮಂಗಳವಾರ, ಎರಡು ದಿನ ಬೆಳಿಗ್ಗೆ ಹೋಗಿ ಸಹಿ ಹಾಕಿ, ಆಡಲು ತಯಾರಾಗಿ ಕಾಯುತ್ತಾ ಕೂರಬೇಕು.

"ಅಂದ್ರೆ," ಅಕ್ಕ ನಿಧಾನವಾಗಿ ಕೇಳಿದಳು, "ಒಳಗಿರೋರಲ್ಲಿ ಯಾರಿಗಾದ್ರೂ ಏನಾದ್ರೂ ಆಗ್ಬೇಕು."

"ಹೂಂ ಅಕ್ಕಾ. ಹಾಗೇ," ಎಂದರು ನಮ್ಮವರು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ಸ್ನಾನ ಮಾಡಿ ದೇವರ ಮುಂದೆ ಕೂತಿದ್ದಳು. ದೇವರೆಂದರೆ ಅಡುಗೆಮನೆಯಲ್ಲಿ, ಮೈಕ್ರೋವೇವ್ ಮೇಲೆ ಕೂತ ಗಣಪತಿ. ಅಕ್ಕ ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಹಾಗಾಗಿ ಆ ಪ್ರಾರ್ಥನೆಯಲ್ಲಿ ಷರತ್ತುಗಳೇ ಜಾಸ್ತಿ ಇದ್ದವು.

"ಯಾರಿಗಾದ್ರೂ ಒಂದು ಸಣ್ಣ ಉಳುಕು ಕಣಪ್ಪ. ಜಾಸ್ತಿ ಬೇಡ. ಒಂದ್ ವಾರದಲ್ಲಿ ಪೂರ್ತಿ ವಾಸಿ ಆಗ್ಬೇಕು. ಮೊದ್ಲೇ ಗೆದ್ದು ಗೆದ್ದು ಸಾಕಾಗಿರೋರು ಯಾರಾದ್ರೂ ಇದ್ರೆ ನೋಡು."

"ಅಕ್ಕಾ, ಗಣಪತಿ ವಿಘ್ನ ತೆಗೆಯೋನು, ಹಾಕೋನಲ್ಲ," ಎಂದರು ನಮ್ಮವರು ಕಾಫಿ ಹೀರುತ್ತಾ.

"ತೆಗೆಯೋಕೆ ಬರೋನಿಗೆ ಹಾಕೋಕೆ ಬರಲ್ವಾ? ಸುಮ್ನೆ ಕೂತ್ಕೊಳಿ ನೀವು."

ನಾನು ಅಕ್ಕನಿಗೆ ನಗಾಡಿದೆ. ಆದರೆ ನಿಜ ಹೇಳಬೇಕೆಂದರೆ, ನಾನೂ ಎರಡು ಹೂವು ಏರಿಸಿಯೇ ನಕ್ಕಿದ್ದು.

ಸೋಮವಾರ ಎಲ್ಲರೂ ಗಟ್ಟಿಮುಟ್ಟಾಗಿ ಬಂದು ಆಡಿದರು. ಅಷ್ಟೊಂದು ಆರೋಗ್ಯವಂತ ಹೆಣ್ಣುಮಕ್ಕಳನ್ನು ಒಟ್ಟಿಗೆ ನೋಡಿ ಅಕ್ಕನಿಗೆ ತುಂಬ ಬೇಸರವಾಯಿತು. ಮಂಗಳವಾರ ಬೆಳಿಗ್ಗೆ ನಮ್ಮವರು ಪ್ರಾಕ್ಟೀಸ್ ಕೋರ್ಟುಗಳ ಕಡೆಯಿಂದ ಏದುಸಿರು ಬಿಡುತ್ತಾ ಓಡಿಬಂದರು. ಒಬ್ಬ ಆಟಗಾರ್ತಿ ಹಿಂದಿನ ಸಂಜೆ ಕಾಲು ಉಳುಕಿಸಿಕೊಂಡು, ಅಭ್ಯಾಸ ಬಿಟ್ಟು ಕುಂಟುತ್ತಾ ಹೋದಳಂತೆ. ಅವಳ ಮ್ಯಾಚ್ ಮಧ್ಯಾಹ್ನ, ಹೊರಗಿನ ಒಂದು ಸಣ್ಣ ಕೋರ್ಟಿನಲ್ಲಿ. ಅವಳು ಆಡುವುದು ಅನುಮಾನ ಎಂದು ಎಲ್ಲರೂ ಮಾತಾಡುತ್ತಿದ್ದಾರಂತೆ.

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ, ಕೇಳಿಸಿಬಿಡ್ತಲ್ಲೇ ಅವನಿಗೆ," ಎಂದು ಪಿಸುಗುಟ್ಟಿದಳು. ಭಯವೂ ಖುಷಿಯೂ ಸರಿಸಮ ಇದ್ದವು ಆ ಮುಖದಲ್ಲಿ.

ನಾವು ಹೋಗಿ ಆ ಕೋರ್ಟಿನ ಮುಂದಿನ ಬೆಂಚು ಹಿಡಿದೆವು. ಬಿಸಿಲೆಂದರೆ ಬಿಸಿಲು, ಬೆಂಚಿನ ಮೇಲೆ ದೋಸೆ ಹುಯ್ಯಬಹುದಿತ್ತು. ನಮ್ಮ ಹುಡುಗಿ ಒಳಗೆಲ್ಲೋ ಜಡೆ ಬಿಗಿದುಕೊಂಡು, ಕರೆ ಬರುವುದನ್ನೇ ಕಾಯುತ್ತಿದ್ದಳು. ನಾವು ಗೇಟಿನ ಕಡೆ ನೋಡುತ್ತಾ, ಅಲ್ಲಿಂದ ಅವಳೇ ಬರುತ್ತಾಳೆ, ಅವಳೇ ಬರುತ್ತಾಳೆ ಎಂದು ಉಸಿರು ಹಿಡಿದು ಕೂತಿದ್ದೆವು.

ಬಂದವಳು ಆ ಕಾಲುಳುಕಿನವಳು. ಪಾದದಿಂದ ಮಂಡಿಯವರೆಗೆ ಬಿಳಿ ಟೇಪು ಸುತ್ತಿಕೊಂಡು, ಕುಂಟುತ್ತಾ, ಜನಕ್ಕೆ ಕೈ ಬೀಸುತ್ತಾ ಬಂದಳು.

"ಇವಳ್ಯಾಕೆ ಬಂದ್ಲು?" ಅಕ್ಕ ಎದ್ದೇ ನಿಂತಳು. "ಕಾಲಿಗೆ ಆಗಿದೆ ಅಂದ್ಮೇಲೆ ಮನೇಲಿ ಬಿದ್ದಿರಬಾರದಾ ಇವಳು?"

ಅವಳು ಮನೆಯಲ್ಲಿ ಬಿದ್ದಿರಲಿಲ್ಲ. ಒಂದೇ ಕಾಲಿನ ಮೇಲೆ ನಿಂತು ಸರ್ವಿಸ್ ಮಾಡಿದಳು, ದೂರದ ಚೆಂಡಿಗೆ ಓಡಲಿಲ್ಲ, ಸೋಲುತ್ತಲೇ ಹೋದಳು. ಗಣಪತಿ ನಮ್ಮ ಬೇಡಿಕೆಯನ್ನು ಅಕ್ಷರಶಃ ನೆರವೇರಿಸಿದ್ದ. ಉಳುಕು ಕೇಳಿದ್ದೆವು, ಉಳುಕು ಕೊಟ್ಟಿದ್ದ. ಉಳುಕಿದವಳು ಆಡಬಾರದು ಎಂದು ಸೇರಿಸುವುದನ್ನು ಅಷ್ಟೊಂದು ಷರತ್ತುಗಳ ನಡುವೆ ಅಕ್ಕ ಮರೆತಿದ್ದಳು.

ಎರಡನೇ ಸೆಟ್ಟಿನಲ್ಲಿ ಆ ಕುಂಟಿ ಹೇಗೋ ಒಂದು ಗೇಮ್ ಗೆದ್ದಳು. ಸುತ್ತಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಆಗ ನೋಡಿದೆ: ಬೇಲಿಯ ಆಚೆ, ಹೆಗಲಲ್ಲಿ ಬ್ಯಾಗು ಹೊತ್ತು ನಮ್ಮ ಹುಡುಗಿ ನಿಂತಿದ್ದಳು. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು, ಎಲ್ಲರಿಗಿಂತ ಜೋರಾಗಿ. ಅಕ್ಕನ ಕಣ್ಣಲ್ಲಿ ನೀರು ಬಂತು. "ನೋಡೇ, ನೋಡು," ಎಂದು ನನ್ನ ತೋಳು ಹಿಂಡಿದಳು. "ಚಿನ್ನದಂಥ ಮನಸ್ಸು ಕಣೇ ಅದರದ್ದು. ನಾವು ಪಾಪಿಗಳು."

ಟ್ರೈನ್ ಹತ್ತಿ ಮನೆಗೆ ಬಂದೆವು. ಸಂಜೆ ಊಟಕ್ಕೆ ಕೂತಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಸೌಟು ಕೆಳಗಿಟ್ಟು, ಆಫೀಸಿನಲ್ಲಿ ತಪ್ಪೊಪ್ಪಿಕೊಳ್ಳುವ ಗಂಭೀರ ಇಂಗ್ಲಿಷಿನಲ್ಲಿ, ತಾನು ದೇವರ ಹತ್ತಿರ ಏನು ಬೇಡಿಕೊಂಡೆ ಎಂಬುದನ್ನೆಲ್ಲ ಹೇಳಿಬಿಟ್ಟಳು. ಆ ಇನ್ನೊಬ್ಬಳಿಗೂ ಅಪ್ಪ ಅಮ್ಮ ಇದ್ದಾರೆ, ತನ್ನಿಂದ ತಪ್ಪಾಯಿತು, ಈ ಹುಡುಗಿಯಂಥ ದೊಡ್ಡ ಮನಸ್ಸು ತನಗಿಲ್ಲ ಎಂದೂ ಸೇರಿಸಿದಳು.

ಹುಡುಗಿ ಮೊದಲು ನಕ್ಕಳು. ಮೈಕ್ರೋವೇವ್ ಮೇಲಿನ ಗಣಪತಿಯ ಕಡೆ ತಿರುಗಿ ನೋಡಿ ಮತ್ತೆ ನಕ್ಕಳು. ನಮ್ಮವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ತಟ್ಟೆ ನೋಡುತ್ತಾ ಹೇಳಿದಳು: "ನೀವು ಸಣ್ಣ ಉಳುಕು ಕೇಳಿದ್ರಿ ಅಕ್ಕ. ನಾನು ಯಾರದ್ದಾದರೂ ಕಾಲೇ ಮುರೀಲಿ ಅಂತ ಕೇಳಿದ್ದೆ."



"ಮತ್ತೆ ಆ ಚಪ್ಪಾಳೆ?" ನಾನು ಕೇಳಿದೆ.

"ಕೈ ಸುಮ್ಮನಿದ್ದಿದ್ದರೆ ಬೇಲಿ ಹಿಡಿದು ಕೂಗಿಬಿಡ್ತಿದ್ದೆ. ಹೊರಗೆ ಬಾ, ಆ ಜಾಗ ನಂದು ಅಂತ." ಅಷ್ಟು ಹೇಳುವುದರೊಳಗೆ ಅವಳ ಮುಖ ಮುದುಡಿಹೋಯಿತು. ಅಷ್ಟು ವರ್ಷಗಳಲ್ಲಿ ಎಷ್ಟು ಸೋತರೂ ನಮ್ಮೆದುರು ಒಮ್ಮೆಯೂ ಅಳದವಳು, ಸಾರಿನ ತಟ್ಟೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಮ್ಮವರು ಎದ್ದು ಬಾಲ್ಕನಿಗೆ ಹೋಗಿ, ಆ ಕಡೆ ಮುಖ ಮಾಡಿ ನಿಂತುಬಿಟ್ಟರು.

ಅಕ್ಕ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬೆನ್ನು ಸವರಿದಳು. "ಅಷ್ಟೊಂದು ಆಸೆ ಇತ್ತಾ?" ಎಂದು ಕೇಳಿದಳು.

"ಒಂದೇ ಒಂದು ಸಲ, ಅಕ್ಕ," ಎಂದಳು ಅವಳು. "ಒಂದು ಗೇಮೂ ಗೆಲ್ಲದೆ ಸೋತಿದ್ದರೂ ಆಗ್ತಿತ್ತು."