ಭೀಮೆಯ ನೀರಿನ ಮೇಲೆ ನಿಲ್ಲಿಸಿದ ಭಾಯಿ

ಮೊನ್ನೆ ಜೇವರ್ಗಿಯಲ್ಲಿ ಮೊಮ್ಮಗಳ ಸೈಕಲ್ ರಿಪೇರಿ ಮಾಡಿಸಲು ಹೋಗಿದ್ದೆ. ಅಂಗಡಿಯವನು ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಂತು. ಅಷ್ಟೇ... ಆಮೇಲೆ ಅವನು ಏನು ಹೇಳಿದನೋ, ನಾನು ಏನೆಂದೆನೋ ನೆನಪಿಲ್ಲ. ಹತ್ತೊಂಬತ್ತನೆಯ ವಯಸ್ಸಿನ ಒಂದು ಚಳಿಗಾಲವಿಡೀ ನನ್ನ ಕಾಲುಗಳಿಗೆ ಅದೇ ವಾಸನೆ ಇತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಅದನ್ನು ಹತ್ತಿಸಿದವನು ನಮ್ಮ ನೆರೆಮನೆಯ ಭಾಯಿ.

ನಮ್ಮ ಊರು ಅಫಜಲಪುರದ ಸೀಮೆಯಲ್ಲಿ, ಭೀಮಾ ಹೊಳೆಯ ದಂಡೆಗಿತ್ತು. ನಮ್ಮ ಮನೆಗೂ ಭಾಯಿಯ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಆ ಕಡೆಯಿಂದ ಅವನ ಹೆಂಡತಿ ಮಾತು ಶುರು ಮಾಡುತ್ತಿದ್ದಳು. ಆಕೆಯನ್ನು ನಾನು ಭಾಭಿ ಎನ್ನುತ್ತಿದ್ದೆ. ಭಾಯಿ ನನಗಿಂತ ಏಳೆಂಟು ವರ್ಷ ದೊಡ್ಡವನು. ಮಹಾಯುದ್ಧದ ಕಾಲಕ್ಕೆ ಫೌಜಿಗೆ ಸೇರಿ, ದೂರದ ಬಸ್ರಾದಲ್ಲಿ ಮೋಟಾರು ದೋಣಿ ನಡೆಸಿ ಬಂದಿದ್ದ. ಊರಿಗೆ ಮರಳಿದ ಮೇಲೆ ಜಹಗೀರದಾರರ ಬೋಟು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಬಾತುಕೋಳಿ ಬೇಟೆಗೆಂದು ಅವರು ಮುಂಬಯಿಯಿಂದ ತರಿಸಿದ ಬೋಟು ಅದು. ಜಹಗೀರದಾರರು ಇರುತ್ತಿದ್ದುದು ಹೈದರಾಬಾದಿನಲ್ಲಿ; ಇತ್ತ ಬರುತ್ತಿದ್ದುದೇ ಅಪರೂಪ. ಎಂಜಿನ್ನಿಗೆ ಜಂಗು ಹಿಡಿಯದಂತೆ ದಿನಾ ಒಂದಿಷ್ಟು ಹೊತ್ತು ಓಡಿಸಬೇಕೆಂದು ಭಾಯಿಗೆ ಅವರ ಹುಕುಂ ಇತ್ತು. ಆ ಒಂದಿಷ್ಟು ಹೊತ್ತೇ ನಮ್ಮ ಆಟದ ಹೊತ್ತಾಯಿತು.

ಬಸ್ರಾದಲ್ಲಿ ಬಿಳಿಯ ಸಾಹೇಬರು ಕಾಲಿಗೆ ಹಲಗೆ ಸಿಕ್ಕಿಸಿಕೊಂಡು, ಬೋಟಿಗೆ ಕಟ್ಟಿದ ಹಗ್ಗ ಹಿಡಿದು, ನೀರಿನ ಮೇಲೆ ನಿಂತು ಓಡುವುದನ್ನು ಭಾಯಿ ಕಂಡಿದ್ದ. ಒಬ್ಬನಂತೂ ಒಂದೇ ಹಲಗೆಯ ಮೇಲೆ ಎರಡೂ ಕಾಲುಗಳನ್ನು ಹಿಂದೆ ಮುಂದೆ ಇಟ್ಟು, ತೇಲುವ ಪೀಪಾಯಿಗಳನ್ನು ಸುತ್ತಿ ಸುತ್ತಿ ಹಾವಿನ ಹಾಗೆ ಹೋಗುತ್ತಿದ್ದನಂತೆ. ಅದಕ್ಕೆ ಸ್ಲಾಲಮ್ ಅನ್ನುತ್ತಾರೆಂದು ಈಗ ಮೊಮ್ಮಗಳು ಟಿ.ವಿ. ನೋಡಿ ಹೇಳುತ್ತಾಳೆ. ನಾವು ಹಲಗೆ ಆಟ ಅನ್ನುತ್ತಿದ್ದೆವು. ಸಾಗುವಾನಿ ಹಲಗೆಯೊಂದರ ಮೂತಿಯನ್ನು ಕುದಿನೀರಿನಲ್ಲಿ ನೆನೆಸಿ, ಕಲ್ಲು ಹೇರಿ, ಮೇಲಕ್ಕೆ ಬಾಗಿಸಿದೆವು. ಪಾದ ಸಿಕ್ಕಿಸಲು ಲಾರಿಯ ಹಳೆಯ ಟ್ಯೂಬು ಕತ್ತರಿಸಿ ಮೊಳೆ ಹೊಡೆದೆವು. ಹಲಗೆಯ ಅಡಿಗೆ, ಹಿಂತುದಿಯಲ್ಲಿ, ಮೀನಿನ ರೆಕ್ಕೆಯಂಥ ಒಂದು ತಗಡು. ಅದನ್ನು ಹಚ್ಚುವ ಮೊದಲು ತಿರುಗಿದಾಗಲೆಲ್ಲ ಹಲಗೆ ಜಾರಿ ಅಡ್ಡ ಹೋಗುತ್ತಿತ್ತು. ಹಗ್ಗದ ತುದಿಗೆ ಹಿಡಿಯಲು ಮುರಿದ ಒನಕೆಯ ತುಂಡು. ಆಳವಾದ ಮಡುವಿನಲ್ಲಿ ಒಣಗಿದ ಸೋರೆ ಬುರುಡೆಗಳಿಗೆ ಕಲ್ಲು ಕಟ್ಟಿ, ಎಡಕ್ಕೊಂದು ಬಲಕ್ಕೊಂದು, ಒಟ್ಟು ಐದನ್ನು ತೇಲಿಬಿಟ್ಟೆವು. ಬೋಟು ನಡುವೆ ನೆಟ್ಟಗೆ ಓಡಬೇಕು. ಹಲಗೆಯವನು ಪ್ರತಿ ಬುರುಡೆಯನ್ನೂ ಹೊರಗಿನಿಂದ ಸುತ್ತಿ ಬರಬೇಕು.

ಮೊದಮೊದಲು ನಾನು ನೀರು ಕುಡಿದದ್ದೇ ಹೆಚ್ಚು. ಹಗ್ಗ ಬಿಗಿಯಾದೊಡನೆ ಎದ್ದು ನಿಲ್ಲುವ ಅವಸರ ನನ್ನದು. ಮುಖ ಅಡಿಯಾಗಿ ಬೀಳುತ್ತಿದ್ದೆ. ಭಾಯಿ ಬೋಟು ಹೊರಳಿಸಿಕೊಂಡು ಬಂದು ನಗುತ್ತಿದ್ದ.

"ನೀ ಏಳಬ್ಯಾಡಲೇ ತಮ್ಮಾ. ಮೊಣಕಾಲು ಎದೀಗೆ ಹಚ್ಚಿ ಸುಮ್ನ ಕುಂದ್ರು. ಬೋಟೇ ಎಬ್ಬಸ್ತದ."

ನಿಲ್ಲುವುದು ಬಂದ ಮೇಲೆ ತಿರುಗುವುದು. ಅದನ್ನು ನಮ್ಮಿಬ್ಬರಿಗೂ ಹೇಳಿಕೊಡುವವರಿರಲಿಲ್ಲ. ಬಿದ್ದು ಬಿದ್ದೇ ಕಂಡುಕೊಂಡೆವು. ತೋಳು ಚಾಚಿಯೇ ಇರಬೇಕು. ಹಗ್ಗವನ್ನು ಎದೆಯ ಕಡೆಗೆ ಎಳೆದುಕೊಂಡರೆ ಅದು ಒಮ್ಮೆ ಸಡಿಲಾಗಿ, ಮತ್ತೆ ಬಿಗಿದಾಗ ನಮ್ಮನ್ನು ಜಾಡಿಸಿ ಒಗೆಯುತ್ತಿತ್ತು. ಬೋಟಿನ ಹಿಂದೆ ಏಳುವ ಅಲೆಯನ್ನು ಅಡ್ಡ ಸೀಳುವಾಗ ಮೈಯೆಲ್ಲ ಹಗ್ಗಕ್ಕೆದುರಾಗಿ ವಾಲಬೇಕು. ಬುರುಡೆ ಹತ್ತಿರವಾದಾಗ ಆ ಬಿಗಿ ಬಿಟ್ಟು, ಒಂದು ಕೈ ತೆಗೆದು, ಮೊಣಕಾಲು ಮಡಚಿ ಹೊರಳಬೇಕು. ಸುತ್ತುತ್ತಿರುವ ಬುರುಡೆಯನ್ನು ನೋಡಿದರೆ ಬಿದ್ದಂತೆಯೇ. ಕಣ್ಣು ಮುಂದಿನದರ ಮೇಲಿರಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು ನನಗೆ ರೊಟ್ಟಿ ಮುರಿಯಲಾಗುತ್ತಿರಲಿಲ್ಲ. ಅವ್ವ ಬೈಯುತ್ತಲೇ ಎಣ್ಣೆ ಹಚ್ಚುತ್ತಿದ್ದಳು.

ಐದೂ ಬುರುಡೆ ದಾಟುವವರು ಯಾರು ಎಂದು ನಮ್ಮಿಬ್ಬರಲ್ಲೇ ಪಂದ್ಯ. ಬೋಟು ನಡೆಸುವುದನ್ನು ಭಾಯಿ ನನಗೂ ಕಲಿಸಿದ್ದ. ಅವನು ಮೂರನೆಯದರ ಹತ್ತಿರ ಬೀಳುತ್ತಿದ್ದ, ನಾನು ನಾಲ್ಕನೆಯದಕ್ಕೆ. ನಾನು ಅವನಿಗಿಂತ ಒಂದು ಹೆಚ್ಚು ದಾಟಿದಾಗ ಅವನಿಗೆ ಆಗುತ್ತಿದ್ದ ಖುಷಿ... ಗೆದ್ದವನು ಅವನೇ ಏನೋ ಅನ್ನಬೇಕು, ಹಾಗೆ.

ಅದು ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದು, ಈಚೆ ದಂಡೆಗೆ ಬಾರದ ವರ್ಷ. ಆಚೆ ವಿಜಾಪುರ ಸೀಮೆ, ಅಂದರೆ ಭಾರತ. ಈಚೆ ನಾವು, ಹೈದರಾಬಾದ್ ಸಂಸ್ಥಾನ. ಸಂಕ್ರಾಂತಿ ಕಳೆಯುವಷ್ಟರಲ್ಲಿ, ಸಂಸ್ಥಾನ ಭಾರತಕ್ಕೆ ಸೇರಬಾರದೆಂದು ಖಾಕಿ ತೊಟ್ಟು ಬಂದೂಕು ಹಿಡಿದವರು ಊರೂರು ತಿರುಗತೊಡಗಿದರು. ಸುತ್ತಿನ ಹಳ್ಳಿಗಳಲ್ಲಿ ಮನೆಗಳು ಸುಟ್ಟವು. ಪ್ರಾಯದ ಗಂಡಸರನ್ನು ಹಿಡಿದೊಯ್ದರು. ಜನ ಹೊಳೆ ದಾಟಿ ಓಡಿಹೋಗುತ್ತಾರೆಂದು ಹರಿಗೋಲುಗಳನ್ನೆಲ್ಲ ಹರಿದುಹಾಕಿ, ನಮ್ಮೂರ ಘಾಟಿಗೆ ಪಹರೆ ಹಾಕಿದರು. ಅಪ್ಪ ಅದಕ್ಕೂ ಮೊದಲೇ ದಾಟಿ, ಆಚೆ ಸೋದರಮಾವನ ಊರು ಸೇರಿದ್ದ. ಉಳಿದವರು ನಾನು, ಅವ್ವ, ಮತ್ತು ಬಾಣಂತನಕ್ಕೆ ಬಂದಿದ್ದ ಅಕ್ಕ, ಅವಳ ಕೂಸು. ಜಹಗೀರದಾರರ ಬೋಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಮ್ಮ ಹಲಗೆ ಆಟ ಪಹರೆಯವರಿಗೂ ತಮಾಷೆಯಾಗಿತ್ತು. ಬೀಡಿ ಸೇದುತ್ತ ನೋಡುತ್ತಿದ್ದರು. ಬಿದ್ದರೆ ಸಿಳ್ಳೆ ಹಾಕುತ್ತಿದ್ದರು.

ಒಂದು ಮಧ್ಯಾಹ್ನ ಭಾಯಿ ಬಂದು ಅವ್ವನ ಮುಂದೆ ಕೂತ.

"ಅವ್ವಾ, ಪೆಟ್ರೋಲ್ ಒಂದ ಡಬ್ಬಿ ಉಳದದ. ಗಡಿ ಬಂದ್ ಮಾಡ್ಯಾರ, ಇನ್ನ ಬರಂಗಿಲ್ಲ. ನಾಳಿ ಮುಂಜಾನಿ ನಿಮ್ಮನ್ನ ದಾಟಸ್ತೇನಿ."

"ಪಹರೇದವ್ರು ನೋಡಂಗಿಲ್ಲೇನೋ ಯಪ್ಪಾ?"

"ನೋಡ್ಲಿ. ನೀವೂ ಅಕ್ಕನೂ ಬೆಳಕ ಹರಿಯೂದ್ರಾಗ ಬಂದು ಬೋಟಿನ್ಯಾಗ ಜಮಖಾನಿ ಹೊಚಗೊಂಡು ಮಲಗ್ರಿ. ತಮ್ಮ ದಿನಾ ಆಡಿದಂಗ ಹಲಗಿ ಮ್ಯಾಲ ನಿಂದರ್ತಾನ. ಅವರ ಕಣ್ಣೆಲ್ಲಾ ಇವನ ಮ್ಯಾಲೇ ಇರ್ತಾವ."

ಆಮೇಲೆ ನನ್ನ ಕಡೆ ತಿರುಗಿದ.

"ನಾಳಿ ಬೀಳಬ್ಯಾಡ. ಬಿದ್ದಿ ಅಂದ್ರ ಬೋಟ್ ಹೊಳ್ಳಸಬೇಕಾಗ್ತದ, ಅವರ ಮುಂದೇ."

ಬೋಟು ಕಟ್ಟುತ್ತಿದ್ದುದು ಘಾಟಿಗಿಂತ ಮೇಲೆ, ಜೊಂಡು ಬೆಳೆದ ಕೊರಕಲಿನಲ್ಲಿ. ಅವ್ವ, ಅಕ್ಕ, ಕೂಸು ಅಲ್ಲಿಯೇ ಅಡಗಿ ಮಲಗಿದರು. ಹೊತ್ತು ಏರಿ ಪಹರೆಯವರು ದಂಡೆಗೆ ಬಂದು ಕೂತ ಮೇಲೆ ಭಾಯಿ ಎಂಜಿನ್ ಹಚ್ಚಿದ. ಬೋಟಿಗೆ ಭಾರವಾಗಿತ್ತು. ಹಲಗೆ ನೀರಿನಿಂದ ಮೇಲೇಳದೆ ಬಹಳ ದೂರ ನನ್ನನ್ನು ಸೊಂಟದವರೆಗೆ ಮುಳುಗಿಸಿಕೊಂಡೇ ಎಳೆಯಿತು. ಹಿಡಿ ಜಾರಿಹೋಗುತ್ತದೆ ಅನ್ನುವಷ್ಟರಲ್ಲಿ ಎದ್ದು ನಿಂತೆ. ಮೊದಲ ಬುರುಡೆ, ಎರಡನೆಯದು... ದಂಡೆಯಿಂದ ಸಿಳ್ಳೆ ಕೇಳಿಸಿತು. ಕೂಸು ಅಳುತ್ತಿತ್ತೇನೋ, ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾಲ್ಕನೆಯದರ ಹತ್ತಿರ ಹಗ್ಗ ಸಡಿಲಾಯಿತು. ಎಂದಿನಂತೆ ಕೈ ಎದೆಗೆ ಎಳೆದುಕೊಳ್ಳಲು ಹೊರಟಿತು. ಎಳೆದುಕೊಳ್ಳಲಿಲ್ಲ. ಮೊಣಕಾಲು ಮಡಚಿ ಕಾದೆ. ಹಗ್ಗ ಮೆಲ್ಲಗೆ ಬಿಗಿಯಿತು, ಹಲಗೆ ಹೊರಳಿತು. ಐದನೆಯದನ್ನೂ ಸುತ್ತಿದೆ. ಅಲ್ಲಿ ದಿನವೂ ಹಿಂದಿರುಗುತ್ತಿದ್ದ ಬೋಟು ಅಂದು ತಿರುಗದೆ ಆಚೆ ದಂಡೆಗೆ ಮುಖ ಮಾಡಿ ಓಡಿತು. ಹಿಂದೆ ಕೂಗಾಟ ಎದ್ದಿತು. ಒಂದು ಗುಂಡು ಹಾರಿತು, ಎಲ್ಲಿ ಬಿತ್ತೋ. ಹಲಗೆ ಆಚೆಯ ಮರಳಿಗೆ ಬಡಿದು ನಾನು ಮೊಣಕಾಲೂರಿ ಬಿದ್ದಾಗ ಅವ್ವ ಬೋಟಿನಿಂದ ಇಳಿದಿದ್ದಳು.

"ಭಾಯಿ, ನೀನೂ ಇಲ್ಲೇ ಇದ್ದುಬಿಡು" ಎಂದೆ.

"ನಿನ್ನ ಭಾಭಿ ಅಲ್ಲಿ ಒಬ್ಬಾಕೀನ ಅದಾಳಲೇ."

"ಅವರು ಬಿಡಂಗಿಲ್ಲ ನಿನ್ನ."

"ಸ್ಟೇರಿಂಗ್ ಕೆಟ್ಟು ಇತ್ತಾಗ ಬಂತು ಅಂತೇನಿ. ಹೊಡದ್ರ ನಾಕು ಏಟು ಹೊಡೀತಾರ, ಜಹಗೀರದಾರರ ಮನಷ್ಯಾ ಅಂತ ಬಿಡ್ತಾರ."

ಅವನು ಹೇಳಿದಂತೆಯೇ ಆಯಿತೆಂದು ಆಮೇಲೆ ತಿಳಿಯಿತು. ಹೊಡೆದರು, ಬಿಟ್ಟರು. ಆ ಹೊಡೆತದಿಂದ ಅವನನ್ನು ಉಳಿಸಿದ ಹೆಸರೇ ಮುಂದೆ...

ಮಳೆಗಾಲದ ಕೊನೆಗೆ ಭಾರತದ ಫೌಜು ಸಂಸ್ಥಾನದೊಳಕ್ಕೆ ಹೋಯಿತು. ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಸೋದರಮಾವನ ಊರಿನಲ್ಲಿ ಸಕ್ಕರೆ ಹಂಚಿದರು, ತಮಟೆ ಬಾರಿಸಿದರು. ನಾನು ಕುಣಿದೆ. ಗಂಟಲು ಹರಿಯುವಂತೆ ಜಯಕಾರ ಕೂಗಿದೆ. ಊರಿಗೆ ಹೋಗೋಣವೆಂದು ಅವ್ವ ಅಂದಾಗ ಅಪ್ಪ, "ಹೊಳಿ ತುಂಬ್ಯದ, ಇಳೀಲಿ" ಎಂದ. ನನಗೂ ಅದು ಸರಿಯೆನಿಸಿತು. ದಸರೆ ಮುಗಿಸಿಕೊಂಡು ಹೋದೆವು.

ಗೋಡೆಯಾಚೆಯ ಮನೆಗೆ ಬಾಗಿಲಿರಲಿಲ್ಲ. ಒಳಗೆ ಒಲೆಯಷ್ಟೇ ಉಳಿದಿತ್ತು. ಬೀದಿಯಲ್ಲಿ ಸಿಕ್ಕ ಅಗಸರ ಕಾಕಾನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ ಹೇಳಿದ. ಖಾಕಿಯವರು ಫೌಜು ಬರುವ ಮೊದಲೇ ಓಡಿಹೋಗಿದ್ದರು. ಜಹಗೀರದಾರರ ಗುಮಾಸ್ತರೂ ಓಡಿದ್ದರು. ಸೇಡಿಗೆಂದು ಹೊರಗಿನಿಂದ ಗುಂಪು ಬಂದಾಗ ಸಿಕ್ಕವನು ತಾನು ಓಡಬೇಕೆಂದು ಎಣಿಸಿಯೇ ಇರದ ಭಾಯಿ. ಹೊಳೆಯ ದಂಡೆಯಲ್ಲೇ ಕೊಂದರು.

"ಜಹಗೀರದಾರರ ಬೋಟ್ ಹೊಡೀತಿದ್ನಲ್ಲಪಾ, ಅವರ ಮನಷ್ಯಾನ ಅಂತ ತಿಳಕೊಂಡ್ರು."

"ನಮ್ಮನ್ನ ದಾಟಿಸಿದಾಂವ ಅಂತ ಒಬ್ರೂ ಹೇಳಲಿಲ್ಲೇನು ಕಾಕಾ?"

"ಹೇಳೋರು ಯಾರಿದ್ರು? ನೀವು ಆ ದಂಡೀಗಿದ್ರಿ."

ಅವನು ಚುಚ್ಚಲು ಆಡಿದ ಮಾತಲ್ಲ ಅದು. ಇದ್ದದ್ದನ್ನು ಹೇಳಿದ. ಆದರೆ ಭಾಯಿಯನ್ನು ಹಿಡಿದೆಳೆದ ದಿನ ನಾನು ಆಚೆ ದಂಡೆಯಲ್ಲಿ ಏನು ಮಾಡುತ್ತಿದ್ದೆ, ಬಾಯಲ್ಲಿ ಸಕ್ಕರೆ ಇತ್ತೇ ಎಂಬುದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿ ನೋಡಿದ್ದೇನೋ... ಅದು ಯಾವ ದಿನವೆಂದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಭಾಭಿ ಆಳಂದದ ತವರುಮನೆ ಸೇರಿದ್ದಳು. ಹೋಗಲು ನನಗೆ ಧೈರ್ಯವಾದದ್ದು ಬೇಸಿಗೆಯ ಹೊತ್ತಿಗೆ. ಬೈಯುತ್ತಾಳೆ, ಬೈಯಲಿ ಎಂದುಕೊಂಡೇ ಹೋದೆ. ಆಕೆ ಚಾಪೆ ಹಾಸಿದಳು, ಚಹಾ ಕೊಟ್ಟಳು, ಅವ್ವನನ್ನು, ಅಕ್ಕನನ್ನು, ಕೂಸನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದಳು. ಆಮೇಲೆ ಆಕೆಯೇ ಆ ದಿನದ ಮಾತು ತೆಗೆದಳು.

"ಆವತ್ತ ಹೊಡತ ತಿಂದು ಮನೀಗೆ ಬಂದ್ರು, ತಮ್ಮಾ. ತುಟಿ ಒಡದು ರಕ್ತ ಬರಾಕತ್ತಿತ್ತು. ಆದ್ರೂ ನಗಾಕತ್ತಿದ್ರು. ಏನಾತ್ರೀ ಅಂದ್ರ, 'ತಮ್ಮ ಐದೂ ದಾಟಿದ, ನಾ ಹೊಳ್ಳಿ ನೋಡ್ದೆ' ಅಂದ್ರು. ಖರೇ ಏನು?"

"ಖರೇ, ಭಾಭಿ."

ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಹೋಗಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಭಾಭಿ ಹೋಗಿ ಬಹಳ ವರ್ಷಗಳಾದವು. ಅವ್ವ, ಅಕ್ಕ ಇಬ್ಬರೂ ಇಲ್ಲ. ಜಮಖಾನೆಯ ಕೆಳಗೆ ಮಲಗಿ ಹೊಳೆ ದಾಟಿದ ಕೂಸು ಈಗ ನಿವೃತ್ತ ಮೇಷ್ಟ್ರು, ಅವನಿಗೂ ಮೊಮ್ಮಕ್ಕಳಿದ್ದಾರೆ. ದೀಪಾವಳಿಗೆ ಅವನ ಸಂಸಾರ, ನನ್ನ ಸಂಸಾರ ಎಲ್ಲ ಜೇವರ್ಗಿಯ ಮನೆಯಲ್ಲಿ ಸೇರುತ್ತೇವೆ. ಊಟದ ಸಾಲು ಪಡಸಾಲೆ ದಾಟಿ ಅಂಗಳಕ್ಕೆ ಬರುತ್ತದೆ. ಮಕ್ಕಳ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಆಗ ಒಮ್ಮೊಮ್ಮೆ ನಾನು ಊಟದ ನಡುವೆಯೇ ಎದ್ದುಬಿಡುತ್ತೇನೆ. ಯಾಕೆ, ಏನಾಯಿತೆಂದು ಕೇಳುತ್ತಾರೆ. ಏನಿಲ್ಲ ಎನ್ನುತ್ತೇನೆ. ಭಾಯಿಗೆ ಮಕ್ಕಳಾಗಿರಲಿಲ್ಲ.