ಮೈಲುತುತ್ತದ ಬಣ್ಣದ ಕೆರೆ

ಇಂಥ ಮಾತುಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದವನು. ಯಂತ್ರ ರಿಪೇರಿ ಮಾಡಿ ಬದುಕುವವನಿಗೆ ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಎಂಬ ನಂಬಿಕೆ. ಇದು ಮಾತ್ರ ಎಷ್ಟು ಬಿಚ್ಚಿದರೂ ಸಿಗಲಿಲ್ಲ. ನೀವು ನಂಬಲೇಬೇಕೆಂದು ಬರೆಯುತ್ತಿಲ್ಲ.

ನಮ್ಮದು ಕ್ಯಾತನಹಳ್ಳಿ. ಅಣ್ಣ ಕಬ್ಬು ಬೆಳೆಯುತ್ತಾನೆ. ಇಬ್ಬರದೂ ಒಂದೇ ಅಚ್ಚಿನ ಮುಖ. ಊರಿನವರೇ ಅವನ ಹೆಸರು ಹಿಡಿದು ನನ್ನನ್ನು ಕೂಗುವುದುಂಟು. ಕೆಲವು ವರ್ಷಗಳ ಹಿಂದೆ ಅವನ ಟ್ರಾಕ್ಟರು ನಾಲೆ ಏರಿಯ ಮೇಲಿಂದ ಮಗುಚಿಬಿತ್ತು. ತಲೆಗೆ ಪೆಟ್ಟಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಎಷ್ಟೋ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದ. ಅತ್ತಿಗೆ ಅಳುವುದನ್ನೂ ನಿಲ್ಲಿಸಿ ಗೋಡೆ ನೋಡುತ್ತ ಕೂತಿರುತ್ತಿದ್ದರು.

ಅವನಿಗೆ ಎಚ್ಚರವಾದ ಮಧ್ಯಾಹ್ನ ಪಕ್ಕದಲ್ಲಿದ್ದವನು ನಾನೊಬ್ಬನೇ. ನೀರು ಕುಡಿಸಿದೆ. ಸ್ವಲ್ಪ ಹೊತ್ತಿಗೆ ಅವನೇ ಶುರು ಮಾಡಿದ.

“ಒಂದು ಬೆಟ್ಟ ಕಣ್ಲಾ. ನೆತ್ತೀಲಿ ದೊಡ್ಡ ಗುಂಡಿ. ಒಳಗೆ ಕೆರೆಯಂಗೆ ನೀರು, ಮೈಲುತುತ್ತ ಕಲಸಿದಂಗೆ ನೀಲಿಗಿತ್ತು. ಮರ ಎಲ್ಲ ಸುಟ್ಟೋಗಿ ನಿಂತಿದ್ವು. ಪಟಾಕಿ ಹೊಡೆದ ವಾಸ್ನೆ. ಒಂದು ಹಕ್ಕಿ ಕೂಗ್ಲಿಲ್ಲ.”

“ಕನಸು ಬುಡಣ್ಣ,” ಎಂದೆ.

“ಕನಸಲ್ಲಿ ಇಷ್ಟು ಚಳಿ ಆಯ್ತದಾ?” ಎಂದು ಕಣ್ಣು ಮುಚ್ಚಿದ. ಮತ್ತೆ ಆ ಮಾತು ಎತ್ತಲಿಲ್ಲ. ಕರಿಘಟ್ಟ, ಮೇಲುಕೋಟೆ ಬಿಟ್ಟರೆ ಬೇರೆ ಬೆಟ್ಟ ಹತ್ತಿದವನಲ್ಲ ಅವನು.

ಅದಾಗಿ ಎರಡು ವರ್ಷಕ್ಕೆ ನಾನು ಕೆಲಸ ಮಾಡುವ ಸಕ್ಕರೆ ಕಾರ್ಖಾನೆಯವರು ಯಂತ್ರಗಳ ತರಬೇತಿಗೆಂದು ನನ್ನನ್ನು ಇಂಡೋನೇಷ್ಯಾದ ಜಾವಾ ದ್ವೀಪಕ್ಕೆ ಕಳಿಸಿದರು. ರಜೆಯ ದಿನ ಅಲ್ಲಿನ ಡ್ರೈವರ್ ಒಬ್ಬ ಅಗ್ನಿಪರ್ವತದ ಕೆರೆ ತೋರಿಸುತ್ತೇನೆಂದು ಕರೆದೊಯ್ದ. ಎಂದೋ ಬೆಂಕಿ ಕಾರಿದ ಬೆಟ್ಟದ ಬಾಯಲ್ಲಿ ನೀರು ನಿಂತಿದೆ ಎಂದ. ಏರಿ ಬಂದು ಅಂಚಿನಲ್ಲಿ ನಿಂತೆ. ಮೋಡ ಕವಿದ ಬೆಳಗು. ಕೆಳಗೆ ಅಲುಗಾಡದ ನೀರು, ಅಚ್ಚ ಮೈಲುತುತ್ತದ ಬಣ್ಣ. ದಡದ ಬೂದಿಯಲ್ಲಿ ಕರಕಲಾದ ಮರಗಳು. ಗಂಧಕದ ಹೊಗೆ ಗಂಟಲಿಗೆ ಹತ್ತಿತು. ಸುತ್ತ ಜನ ನಗುತ್ತ ಫೋಟೊ ತೆಗೆಯುತ್ತಿದ್ದರು. ನನಗೆ ಆಸ್ಪತ್ರೆಯ ಮಂಚ ಕಾಣಿಸಿತು.

ಆಗಲೂ ಕಾರಣ ಹುಡುಕಿಕೊಂಡೆ: ಅಣ್ಣ ಟಿವಿಯಲ್ಲಿ ಎಲ್ಲೋ ನೋಡಿರುತ್ತಾನೆ. ಅಷ್ಟರಲ್ಲಿ ಅಲ್ಲೇ ಟೀ ಮಾರುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡು ಎದ್ದು ಬಂದಳು. ನನ್ನ ಎಡಗಿವಿಯ ಮೇಲೆ, ಅಣ್ಣನಿಗೆ ಹೊಲಿಗೆ ಬಿದ್ದ ಜಾಗದಲ್ಲೇ, ಕೈಯಾಡಿಸಿ ಏನೋ ಕೇಳಿದಳು.

ಡ್ರೈವರ್ ಮುಜುಗರದಿಂದ ಹೇಳಿದ: “ಗಾಯ ಮಾಯಿತಾ ಅಂತ ಕೇಳುತ್ತಿದ್ದಾಳೆ. ಎರಡು ವರ್ಷದ ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡು ಇಲ್ಲೇ ಕೂತಿದ್ದಿರಂತೆ. ಟೀ ಕೊಟ್ಟರೆ ಮುಟ್ಟಲಿಲ್ಲವಂತೆ. ಯಾರನ್ನೋ ನೋಡಿ ಯಾರೋ ಅಂದುಕೊಂಡಿದ್ದಾಳೆ.”

ಅಲ್ಲೇ ಕೂತೆ. ಮುದುಕಿ ಟೀ ತಂದಳು. ನಾನು ಪೂರ್ತಿ ಕುಡಿಯುವ ತನಕ ಎದುರು ನಿಂತೇ ಇದ್ದಳು.

ಊರಿಗೆ ಬಂದವನೇ ಗದ್ದೆಗೆ ಹೋದೆ. ಅಣ್ಣ ಕಬ್ಬಿಗೆ ನೀರು ಕಟ್ಟುತ್ತಿದ್ದ. ಮುದುಕಿಯ ವಿಷಯ ಬಿಟ್ಟು, “ಬೆಟ್ಟದ ಮೇಲೊಂದು ಕೆರೆ ನೋಡ್ದೆ ಕಣಣ್ಣ,” ಎಂದು ಫೋಟೊ ತೆರೆದು ಫೋನು ಚಾಚಿದೆ. ಅವನು ಅದರತ್ತ ಕಣ್ಣು ಹಾಯಿಸಲೂ ಇಲ್ಲ.

“ನೋಡಿವ್ನಿ ಬುಡ್ಲಾ,” ಎಂದು ಗುದ್ದಲಿ ಎತ್ತಿಕೊಂಡು ಮುಂದಿನ ಸಾಲಿಗೆ ನಡೆದ.

ಮುದುಕಿಯ ಕಣ್ಣು ಮಂಜಾಗಿರಬಹುದು, ಡ್ರೈವರ್ ತಪ್ಪಾಗಿ ತಿಳಿದಿರಬಹುದು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅಣ್ಣನ ಎದುರು ಊಟಕ್ಕೆ ಕೂತಾಗ ಮಾತ್ರ ಆ ಸಮಾಧಾನ ಯಾವುದೂ ಉಳಿಯುವುದಿಲ್ಲ.