ಏಳು ನುಡಿಯ ಹಾಡಿನ ಮೂರು ನುಡಿ

ಗೋಕಾಕದ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಹೋದ ಕಬ್ಬಿನ ಹಂಗಾಮಿನಲ್ಲಿ ಹುಕ್ಕೇರಿ ರಸ್ತೆಯ ಏರಿನಲ್ಲಿ ನಡೆದದ್ದು ನನ್ನೊಳಗೆ ಇನ್ನೂ ಮುಗಿದಿಲ್ಲ. ಪುಸ್ತಕದ ತಳ್ಳುಗಾಡಿಯನ್ನು ಯಾರಾದರೂ ನನ್ನ ಬೆನ್ನ ಹಿಂದಿನಿಂದ ತಂದರೆ ಈಗಲೂ ಥಟ್ಟನೆ ಕಪಾಟಿಗೆ ಒತ್ತಿ ನಿಲ್ಲುತ್ತೇನೆ. ನಡೆದದ್ದು ಹೆಚ್ಚೆಂದರೆ ಒಂದು ನಿಮಿಷದ ಮಾತು. ಆ ನಿಮಿಷವನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆಂದರೆ, ಅದರಲ್ಲಿ ಕಂಡದ್ದು ಯಾವುದು, ಆಮೇಲೆ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಖಾತ್ರಿಯಾಗಿ ಹೇಳಲಾರೆ. ಆಗ ಕೇಳುತ್ತಿದ್ದ ಹಾಡು ಮಾತ್ರ ಖಾತ್ರಿ.

ಆ ಹಾಡು ತುಕ್ಕಾನಟ್ಟಿಯ ಮಾಸ್ತರರದು. ಅವರು ಸಾಲೆಯ ಮಾಸ್ತರರಲ್ಲ. ಭಜನಾ ಮೇಳ ಕಟ್ಟಿಕೊಂಡು, ಹಾರ್ಮೋನಿಯಂ ಪೇಟಿ ಬಾರಿಸುತ್ತ ಹಾಡುವ ಹಿರಿಯರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಪದ ಕಟ್ಟುವವರೂ ಅವರೇ, ಧಾಟಿ ಕೂಡಿಸುವವರೂ ಅವರೇ, ಹಾಡುವವರೂ ಅವರೇ. ನನ್ನ ಸೋದರಮಾವ ಅವರ ಮೇಳದಲ್ಲಿ ತಾಳ ಹಾಕುತ್ತಿದ್ದ. ಆ ಸಲಿಗೆಯಿಂದ ಮೂರು ವರ್ಷದ ಹಿಂದೆ ಒಂದು ದಿನ ಹಾಡು ಬರೆದಿಟ್ಟ ಐದು ದಪ್ಪ ವಹಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಗ್ರಂಥಾಲಯಕ್ಕೆ ಬಂದರು. ಮನೆಯಲ್ಲಿ ಗೆದ್ದಲು ಹತ್ತಿದೆ, ಇಲ್ಲಿಟ್ಟುಕೋ ಎಂದರು. ಇಲ್ಲೂ ಗೆದ್ದಲು ಇದೆ ಎಂದೆ. “ಇರ್ಲಿ ಬಿಡ ತಂಗಿ. ನಿಮ್ಮ ಅಷ್ಟೂ ಪುಸ್ತಕ ತಿಂದು ನನ್ನ ವಹಿಗೆ ಬರೂದ್ರಾಗ ಅದಕ್ಕೂ ವಯಸ್ಸಾಗಿರತೈತಿ” ಎಂದು ನಕ್ಕರು.

ವಹಿಗಳಲ್ಲಿ ನೂರ ನಲವತ್ತಕ್ಕೂ ಮೇಲೆ ಹಾಡುಗಳಿದ್ದವು. ಅತ್ತೆಯ ಹಲ್ಲುನೋವಿನ ಬಗ್ಗೆ ಒಂದು, ಮುಧೋಳ ಬಸ್ಸು ತಪ್ಪಿಸಿಕೊಂಡ ಮುದುಕನ ಬಗ್ಗೆ ಒಂದು, ಸಾಬರ ಓಣಿಯ ಗೆಳೆಯನೊಬ್ಬ ತೀರಿಕೊಂಡಾಗ ಅವನ ಹೊಲಿಗೆ ಯಂತ್ರವನ್ನು ಮಾತಾಡಿಸಿ ಬರೆದದ್ದು ಒಂದು. ಇವನ್ನೆಲ್ಲ ಕೇಳಿದವರು ನಾಲ್ಕಾರು ಊರಿನವರು. ಊರೂರಿಗೆ ಗೊತ್ತಿದ್ದದ್ದು ಒಂದೇ ಒಂದು, ಟ್ರ್ಯಾಕ್ಟರಿನ ಹಾಡು. ‘ಏರ ಬಂತಂದ್ರ ಅಂಜಾಂವ ನಾನಲ್ಲ, ಹಿಂದ ನೋಡೂ ಚಾಳಿ ನನಗಿಲ್ಲ’ ಎಂದು ಶುರುವಾಗುತ್ತದೆ. ಹುಕ್ಕೇರಿಯ ಒಂದು ಸ್ಟುಡಿಯೋದವರು ಅದಕ್ಕೆ ಕುಣಿಯುವ ತಾಳ ಕೂಡಿಸಿ ಬಿಟ್ಟಿದ್ದರು. ಕಬ್ಬಿನ ಹಂಗಾಮು ಬಂತೆಂದರೆ ಮೂಡಲಗಿಯಿಂದ ಹುಕ್ಕೇರಿಯವರೆಗೆ ಪ್ರತಿ ಎರಡನೆಯ ಟ್ರ್ಯಾಕ್ಟರು ಅದನ್ನೇ ಹಚ್ಚಿಕೊಂಡು ಹೋಗುತ್ತಿತ್ತು.

ಅದೇ ಸ್ಟುಡಿಯೋದವರು ಮಾಸ್ತರರ ಹನ್ನೆರಡು ಹಾಡುಗಳನ್ನು ‘ಹಿಟ್’ ಎಂಬ ಹೆಸರಿನಲ್ಲಿ ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಮಾರುವ ಮಾತು ಎತ್ತಿದರು. ಹಾಡು ಆರಿಸುವ ಕೆಲಸ ನನಗೆ ಬಂತು. ನೂರ ನಲವತ್ತರಲ್ಲಿ ಹನ್ನೆರಡು ಎಂದರೆ ಅನ್ಯಾಯವಲ್ಲವೇ ಎಂದು ಮಾಸ್ತರರನ್ನು ಕೇಳಿದೆ. ಮದುವೆಗೆ ಹನ್ನೆರಡು ಮಂದಿ ಹೋಗುವುದು, ಉಳಿದವರು ಮನೆ ಕಾಯುವುದು ಇದ್ದದ್ದೇ ಎಂದರು. ಅವರು ಖುಷಿಯಲ್ಲೇ ಇದ್ದರು. ನಾನು ಸುಲಭದ ದಾರಿ ಹಿಡಿದೆ. ಯಾವ ಹಾಡು ಹೆಚ್ಚು ಜನಕ್ಕೆ ಗೊತ್ತು ಎಂದು ಕೇಳುತ್ತ ಹೋಗಿ, ಗೊತ್ತಿದ್ದವನ್ನೇ ಬರೆದುಕೊಂಡೆ. ಮೊದಲ ಸಾಲಿನಲ್ಲಿ ಟ್ರ್ಯಾಕ್ಟರಿನ ಹಾಡು.

ಆ ಪಟ್ಟಿ ತೆಗೆದುಕೊಂಡು ಮಾಸ್ತರರೂ ನಾನೂ ಹುಕ್ಕೇರಿಗೆ ಹೊರಟ ದಿನವೇ ಅದು ಆದದ್ದು. ನಡುದಾರಿಯಲ್ಲಿ ಬಸ್ಸಿನ ಟಾಯರು ಪಂಕ್ಚರಾಗಿ, ಏರಿನ ಬುಡದ ಬೇವಿನ ಮರದ ಕೆಳಗೆ ಇಪ್ಪತ್ತು ಇಪ್ಪತ್ತೈದು ಜನ ಇಳಿದು ನಿಂತಿದ್ದೆವು. ಮಧ್ಯಾಹ್ನದ ಬಿಸಿಲು. ಸಂತೆಯ ಚೀಲ ಇಟ್ಟುಕೊಂಡು ನಾಲ್ಕೈದು ಹೆಂಗಸರು ಕೂತಿದ್ದರು. ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಮ್ಮನ್ನು ದಾಟಿ ಏರು ಹತ್ತತೊಡಗಿತು. ಕಿವಿ ಒಡೆಯುವಂತೆ ಮಾಸ್ತರರ ಹಾಡು. ಯಾರೋ ಅವರನ್ನು ನೋಡಿ ನಕ್ಕರು. ಮಾಸ್ತರರೂ ನಾಚಿಕೊಂಡು ನಕ್ಕರು.

ಏರು ಅರ್ಧ ಹತ್ತಿದಾಗ ಎರಡೂ ಟ್ರೇಲರುಗಳ ನಡುವಿನ ಕೊಂಡಿ ಬಿಚ್ಚಿತು. ಹಿಂದಿನ ಟ್ರೇಲರು ಒಂದು ಕ್ಷಣ ಯೋಚನೆ ಮಾಡಿದಂತೆ ನಿಂತು, ಆಮೇಲೆ ನಮ್ಮ ಕಡೆಗೆ ಉರುಳಿತು. ನಾನು ಕಂಡೆ. ಎಲ್ಲರಿಗಿಂತ ಮೊದಲು ಕಂಡವಳು ನಾನೇ ಇರಬೇಕು. ಬಾಯಿ ತೆರೆದೆ, ದನಿ ಬರಲಿಲ್ಲ. ಕೂಗಿದವರು ಮಾಸ್ತರರು. ಮೈಕಿಲ್ಲದೆ ಇಡೀ ಊರಿಗೆ ಕೇಳುವ ಗಂಟಲು ಅವರದು. ಹೆಂಗಸರು ಚೀಲ ಬಿಟ್ಟು ಓಡಿದರು. ಟ್ರೇಲರು ಬೇವಿನ ಮರಕ್ಕೆ ಬಡಿದು ಮಗುಚಿ, ನಾವು ನಿಂತಿದ್ದ ಜಾಗದ ತುಂಬ ಕಬ್ಬು ಸುರಿಯಿತು. ಡ್ರೈವರನಿಗೆ ಇದ್ಯಾವುದೂ ಗೊತ್ತಿಲ್ಲ. ಮಾಸ್ತರರು ರಸ್ತೆಯ ನಡುವೆ ಓಡುತ್ತ, ಎರಡೂ ಕೈ ಮೇಲೆತ್ತಿ, ನಿಲ್ಲಿಸೋ ನಿಲ್ಲಿಸೋ ಎಂದು ಒದರುತ್ತಿದ್ದರು. ಮೇಲಿನಿಂದ ಅವರದೇ ದನಿ, ಹಿಂದೆ ನೋಡುವ ಚಾಳಿ ನನಗಿಲ್ಲ ಎಂದು ಹಾಡುತ್ತಿತ್ತು. ಕೆಳಗಿನ ದನಿಯನ್ನು ಮೇಲಿನ ದನಿ ನುಂಗಿಹಾಕಿತು. ಗಾಡಿ ಹಗುರಾದದ್ದು ತಿಳಿದೋ ಏನೋ, ಡ್ರೈವರ್ ಕೊನೆಗೆ ನಿಲ್ಲಿಸಿ ಅವಸರದಲ್ಲಿ ಜಿಗಿದ. ಗಾಲಿಗೆ ಕಲ್ಲು ಕೊಟ್ಟಿರಲಿಲ್ಲ. ಟ್ರ್ಯಾಕ್ಟರು ಹಿಂದಕ್ಕೆ ಸರಿದು ಮುಂದಿನ ಟ್ರೇಲರಿನ ಗಾಲಿ ಅವನ ಕಾಲಿನ ಮೇಲೆ ಹೋಯಿತು. ಜನ ಓಡಿ ಕಲ್ಲು ಒಡ್ಡಿ ಅವನನ್ನು ಎಳೆದುಕೊಂಡರು. ಹಾಡು ನಿಲ್ಲಿಸುವ ಗುಂಡಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟೂ ಹೊತ್ತು ಅದು ಹಾಡುತ್ತಲೇ ಇತ್ತು.

ಮಾಸ್ತರರು ಆಮೇಲೆ ಹಾಡುವುದನ್ನು ಬಿಟ್ಟರು. ಮೊದಲು, ಆ ಹಾಡನ್ನು ಪಟ್ಟಿಯಿಂದ ತೆಗೆ ಎಂದು ಹೇಳಿಕಳಿಸಿದರು. ವಾರದ ನಂತರ, ಪೆನ್‌ಡ್ರೈವೇ ಬೇಡ ಎಂದರು. ಪೇಟಿಗೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆಂದು ಸೋದರಮಾವ ಹೇಳಿದ. ನಲವತ್ತು ವರ್ಷದಲ್ಲಿ ಒಂದು ದಿನವೂ ಹಾಡದೆ ಇದ್ದವರಲ್ಲ, ಹೀಗೇ ಬಿಟ್ಟರೆ ಈ ವಯಸ್ಸಿನಲ್ಲಿ ಗಂಟಲು ಮತ್ತೆ ತಿರುಗುವುದಿಲ್ಲ ಎಂಬುದು ಅವನ ಹೆದರಿಕೆ.

ನಾನು ಪಟ್ಟಿಯಿಂದ ಹಾಡು ತೆಗೆಯಲೆಂದೇ ವಹಿ ಬಿಚ್ಚಿದ್ದು. ಆಗ ನನ್ನ ತಪ್ಪು ನನಗೆ ಕಂಡಿತು. ನೂರ ನಲವತ್ತು ಹಾಡುಗಳಲ್ಲಿ ಉಳಿದದ್ದನ್ನೆಲ್ಲ ಓದಿದ್ದೆ, ಟ್ರ್ಯಾಕ್ಟರಿನ ಹಾಡೊಂದನ್ನು ಓದಿರಲಿಲ್ಲ. ಬಾಯಿಪಾಠವೇ ಇದ್ದದ್ದನ್ನು ಓದುವುದೇನು ಎಂದು ಪುಟ ಹಾರಿಸಿದ್ದೆ. ವಹಿಯಲ್ಲಿ ಅದಕ್ಕೆ ಏಳು ನುಡಿಗಳಿದ್ದವು, ಒಂದೊಂದು ನುಡಿಗೆ ನಾಲ್ಕು ಸಾಲು. ಜನ ಕೇಳಿದ್ದು ಮೊದಲ ಮೂರು. ಆ ಮೂರರಲ್ಲಿ ಡ್ರೈವರನ ಬಡಾಯಿ ಇದೆ. ನಾಲ್ಕನೆಯ ನುಡಿಯಿಂದ ಹಾಡು ಬೇರೆಯೇ ಆಗುತ್ತದೆ.

ಕನ್ನಡ್ಯಾಗ ಕಾಣತೈತಿ ಕೆಂಪನ ಕಣ್ಣ
ನಿದ್ದಿ ಮಾಡದ ಮೂರ ದಿನದ ಬಣ್ಣ
ಬೆನ್ನ ಅಂತೈತಿ ಇಳಿಸೋ ನನ್ನ
ಕಬ್ಬ ಅಂತೈತಿ ಒಯ್ಯೋ ನನ್ನ

ಹೀಗೆ ಹೋಗಿ, ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ತಮ್ಮ ಹೆಸರು. ಪದ ಕಟ್ಟುವವರೆಲ್ಲ ಹಾಗೆ ಕೊನೆಯ ನುಡಿಯಲ್ಲಿ ತಮ್ಮ ಗುರುತು ಇಡುವುದು ರೂಢಿ. ಸ್ಟುಡಿಯೋದವರು ಮೂರು ನುಡಿಗೆ ಕತ್ತರಿಸಿದಾಗ ದಣಿವೂ ಹೋಗಿತ್ತು, ಗುರುತೂ ಹೋಗಿತ್ತು.

ವಹಿ ಹಿಡಿದುಕೊಂಡು ಮೂಡಲಗಿ ಬಸ್ಸು ಹತ್ತಿ ತುಕ್ಕಾನಟ್ಟಿಗೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದರು. ಪುಟ ತೆರೆದು ಮುಂದಿಟ್ಟೆ. ಕೈಯ ಸಿಪ್ಪೆ ಕೊಡವಿಕೊಂಡು ಓದಿದರು.

“ಬರದಾಂವ ನಾನು, ಖರೆ. ಆದ್ರ ಅವತ್ತ ಏರಿನ್ಯಾಗ ಒದರಾಕತ್ತಿದ್ದು ನಾ ಬರದ ಹಾಡಲ್ಲ ತಂಗಿ, ಅದರ ರುಂಡ.”

ಕತ್ತರಿಸುವಾಗ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಮೊದಲ ಸಲ ಸ್ಟುಡಿಯೋಕ್ಕೆ ಹೋದ ಸಂಭ್ರಮ, ಕುಡಿಯಲು ಚಹಾ ಕೊಟ್ಟರು, ಕುರ್ಚಿ ಕೊಟ್ಟರು, ಬೇಡ ಅನ್ನುವುದು ಹೇಗೆ ಎಂದರು. ಆಮೇಲೆ ಊರೆಲ್ಲ ಕೇಳತೊಡಗಿದಾಗ ಖುಷಿಯೂ ಆಯಿತಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಡ್ರೈವರನ ಕಾಲಿಗೆ ತಮ್ಮ ಖುಷಿಯೇ ಕಾರಣ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಗಾದರೆ ಅವನನ್ನೇ ಹೋಗಿ ಮಾತಾಡಿಸೋಣ ಎಂದೆ. ಅವರಿಗಿಂತ ಹೆಚ್ಚಾಗಿ ನನಗೇ ಅದು ಬೇಕಿತ್ತು. ಕೂಗಲಾಗದೆ ನಿಂತವಳು ನಾನು.

ಡ್ರೈವರನ ಊರು ಅಂಕಲಗಿ. ಮುಂದಿನ ರವಿವಾರ ಹೋದೆವು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಪಡಸಾಲೆಯಲ್ಲಿ ಹಾಸಿಗೆಯ ಮೇಲಿದ್ದ. ಒಳಗೆ ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. “ಬರ್ರಿ, ಕುಂದರ್ರಿ. ಎದ್ದ ನಿಲ್ಲಾಕ ಬರಾಂಗಿಲ್ಲ, ತಪ್ಪ ತಿಳೀಬ್ಯಾಡ್ರಿ” ಎಂದ. ಮಾಸ್ತರರು ಯಾವ ಪೀಠಿಕೆಯೂ ಇಲ್ಲದೆ, ನಿನಗೆ ನಮ್ಮ ಕೂಗು ಕೇಳದಂತೆ ಮಾಡಿದ್ದು ನನ್ನ ಹಾಡು ಎಂದುಬಿಟ್ಟರು.

ಅವನು ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. “ಅದು ನಿಮ್ಮ ಹಾಡಾ? ಯಾವನೋ ಗಾಗಲ್ ಹಾಕ್ಕೊಂಡಾಂವ ಹಾಡ್ಯಾನ ಅನ್ಕೊಂಡಿದ್ನೆಲ್ರಿ.”

ಮಾಸ್ತರರ ಮುಖದಲ್ಲಿ ನಗು ಬಂದು ಹೋಯಿತು. ಅಷ್ಟು ದಿನಗಳಲ್ಲಿ ನಾನು ಕಂಡ ಮೊದಲ ನಗು. ಡ್ರೈವರ್ ಮಾತು ಮುಂದುವರಿಸಿದ. ಕೊಂಡಿಯ ಪಿನ್ನು ಜಿಗಿಯದಂತೆ ಅದಕ್ಕೊಂದು ತಂತಿ ಸುತ್ತಬೇಕು, ಅವತ್ತು ಸಕ್ಕರೆ ಫ್ಯಾಕ್ಟರಿಯಲ್ಲಿ ಸರದಿ ತಪ್ಪೀತೆಂಬ ಗಡಿಬಿಡಿಯಲ್ಲಿ ಸುತ್ತಿರಲಿಲ್ಲ ಎಂದ. “ಹಾಡಿನ ಮ್ಯಾಲ ಹಾಕಿದ್ರ ನನಗ ಹಗರಾಗತೈತ್ರಿ. ಆದ್ರ ಸುಳ್ಳಾಗತೈತಿ. ಸೌಂಡ್ ಅಷ್ಟ ಜೋರ ಇಟ್ಟಾಂವನೂ ನಾನ.”

ನಾನು ವಹಿಯ ಸಂಗತಿ ಹೇಳಿದೆ. ಇನ್ನೂ ನಾಲ್ಕು ನುಡಿ ಇವೆಯೆಂದರೆ ಅವನು ನಂಬಲಿಲ್ಲ, ಹಾಡಿ ನೋಡೋಣ ಎಂದ. ಮಾಸ್ತರರು ಬಾಗಿಲ ಕಡೆ ನೋಡಿದರು. ಹೊರಟೇ ಹೋಗುತ್ತಾರೆ ಎಂದುಕೊಂಡೆ. ಬದಲಿಗೆ ಕೆಮ್ಮಿ, ಪೇಟಿಯಿಲ್ಲದೆ, ಪಕ್ಕದ ಮನೆಗೂ ಕೇಳದಷ್ಟು ಸಣ್ಣ ದನಿಯಲ್ಲಿ ನಾಲ್ಕನೆಯ ನುಡಿ ಎತ್ತಿಕೊಂಡರು. ಗಂಟಲು ಎರಡು ಕಡೆ ಒಡೆಯಿತು. ನಿಲ್ಲಿಸಲಿಲ್ಲ. ಬೆನ್ನು ಮಾತಾಡುವ ಸಾಲು ಬಂದಾಗ ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಕೊನೆಯ ನುಡಿ ಮುಗಿದ ಮೇಲೆ ಡ್ರೈವರನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಇದನ್ನ ಹಚ್ಚಿದ್ರ ಟ್ರ್ಯಾಕ್ಟರ್ ಫ್ಯಾಕ್ಟರಿಗಿ ಹೋಗೂದಿಲ್ಲರಿ ಮಾಸ್ತರ್ರ, ಸೀದಾ ಮನಿಗಿ ಬರತೈತಿ.”

ಡ್ರೈವರ್ ನಗಲಿಲ್ಲ. ಬಗ್ಗಿ ಕಾಲಿನ ಕೆಳಗಿನ ದಿಂಬು ಸರಿಮಾಡಿಕೊಳ್ಳುತ್ತಿದ್ದ. ಹಾಡನ್ನು ಪಟ್ಟಿಯಿಂದ ತೆಗೆಯುವ ವಿಚಾರ ಇದೆಯೆಂದು ನಾನು ಹೇಳಿದಾಗ ತಲೆ ಎತ್ತಿದ.

“ತಗೀಬ್ಯಾಡ್ರಿ. ನೀವ ತಗದ್ರ ಅದೇನ ಹೋಗತೈತೇನು? ಎಲ್ಲಾ ಟ್ರ್ಯಾಕ್ಟರಿನ್ಯಾಗ ಆ ಅರ್ಧ ಹಾಂಗ ಉಳೀತೈತಿ. ನಮ್ಮ ಬೆನ್ನನೋವಿನ ಅರ್ಧ ನಿಮ್ಮ ವಹಿಯೊಳಗ.”

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಡ್ರೈವರನ ಮಾತನ್ನೇ ಯೋಚಿಸುತ್ತಿದ್ದೆ. ಗ್ರಂಥಾಲಯದಲ್ಲಿ ಕೂತು ನಾನು ದಿನವೂ ನೋಡುವ ಸಂಗತಿ ಇದು. ಒಬ್ಬ ಕವಿಯ ಸಮಗ್ರ ಸಂಪುಟವನ್ನು ಮೊದಲೇ ಕೈಗೆತ್ತಿಕೊಳ್ಳುವವರು ಕಡಿಮೆ. ಆಯ್ದ ಕವಿತೆಗಳ ತೆಳ್ಳಗಿನ ಪುಸ್ತಕ ಒಯ್ಯುತ್ತಾರೆ. ಹತ್ತರಲ್ಲಿ ಒಬ್ಬರು ತಿರುಗಿ ಬಂದು, ಇವರದು ಬೇರೆ ಏನಿದೆ ಎಂದು ಕೇಳುತ್ತಾರೆ. ಆ ಒಬ್ಬರಿಗಾಗಿ ತೆಳ್ಳಗಿನ ಪುಸ್ತಕ ಇರಬೇಕು. ಹನ್ನೆರಡು ಹಾಡು ಮಾಸ್ತರರಿಗೆ ನ್ಯಾಯ ಕೊಡುವುದಿಲ್ಲ, ನೂರ ನಲವತ್ತೂ ಕೊಡಲಿಕ್ಕಿಲ್ಲ. ಆದರೆ ಹನ್ನೆರಡೂ ಇಡಿಯಾಗಿರಬೇಕು, ಯಾರು ಕಟ್ಟಿದ್ದು ಎಂದು ಕೇಳುವವನಿಗೆ ತಿಳಿಯಬೇಕು. ನಾನು ಆರಿಸುವಾಗ ನೋಡಬೇಕಾಗಿದ್ದದ್ದು ಅದನ್ನು. ಬಾಗಿಲು ಚಿಕ್ಕದಿದ್ದರೂ ಮನೆಯದೇ ಬಾಗಿಲಾಗಿರಬೇಕು.

ಗೋಕಾಕದ ಬಸ್ ನಿಲ್ದಾಣದಲ್ಲಿ ಇಳಿದಾಗ ಮಾಸ್ತರರು, ಪೇಟಿಯ ಎರಡು ಸ್ವರದ ಮನೆ ಕೆಟ್ಟಿವೆ, ರಿಪೇರಿಗೆ ಎಂಟು ದಿನ ಬೇಕು ಎಂದರು. ಅಷ್ಟೇ ಹೇಳಿದ್ದು. ನನಗೆ ಸಾಕಾಯಿತು.

ಪಟ್ಟಿಯನ್ನು ಹೊಸದಾಗಿ ಮಾಡಿದೆವು. ಹೊಲಿಗೆ ಯಂತ್ರದ ಪದ ಒಳಗೆ ಬಂತು. ಸ್ಟುಡಿಯೋದವರು ಕೆಟ್ಟ ಮನುಷ್ಯರಲ್ಲ, ಅವರ ಚಿಂತೆ ಅವರಿಗೆ. ಒಂಬತ್ತು ನಿಮಿಷದ ಹಾಡನ್ನು ಯಾರು ಕೇಳುತ್ತಾರೆ, ಜನ ಮುಂದಿನದಕ್ಕೆ ಓಡಿಸಿಬಿಡುತ್ತಾರೆ ಎಂದರು. ಓಡಿಸಿದರೆ ಓಡಿಸಲಿ, ಓಡಿಸಲಿಕ್ಕಾದರೂ ಇರಲಿ ಎಂದರು ಮಾಸ್ತರರು. ಕೊನೆಗೆ ಒಂದು ಒಪ್ಪಂದವಾಯಿತು. ಯಂತ್ರದ ತಾಳ ಇಲ್ಲ, ಬರೀ ಪೇಟಿ, ದಮ್ಮಡಿ ಮತ್ತು ಸೋದರಮಾವನ ತಾಳ. ಟ್ರ್ಯಾಕ್ಟರಿನ ಹಾಡು ಏಳು ನುಡಿಯೂ ಇರಬೇಕು, ಆದರೆ ಪಟ್ಟಿಯ ಕೊನೆಯಲ್ಲಿ.

ಹುಕ್ಕೇರಿಗೆ ಅದೇ ರಸ್ತೆ. ಏರು ಬಂದಾಗ ನಾನು ಸೀಟಿನ ಕಂಬಿ ಹಿಡಿದುಕೊಂಡೆ. ಆಚೆಯ ಇಳಿಜಾರು ಮುಗಿಯುವವರೆಗೂ ಬಿಡಲಿಲ್ಲ. ಆ ಅಂಜಿಕೆ ಹೋಗಲು ಇನ್ನೂ ದಿನ ಬೇಕು ಅನ್ನಿಸುತ್ತದೆ.

ಸ್ಟುಡಿಯೋದಲ್ಲಿ ಆ ಹಾಡನ್ನೇ ಮೊದಲು ಮುಗಿಸಿಬಿಡೋಣ ಎಂದರು ಮಾಸ್ತರರು, ಎದೆಯ ಮೇಲಿನ ಭಾರ ಇಳಿಯಲಿ ಎಂದು. ಗಾಜಿನ ಆಚೆ ಅವರು ಪೇಟಿಯ ಮುಂದೆ ಕೂತರು. ನಾನು ಈಚೆ ಯಂತ್ರದ ಪಕ್ಕ ಕೂತೆ. ಮೊದಲ ಸಾಲು ಬಂತು. ಅವರು ಅದನ್ನು ನಿಧಾನವಾಗಿ, ಒಬ್ಬ ಗೆಳೆಯನ ಬಡಾಯಿಯನ್ನು ಪ್ರೀತಿಯಿಂದ ಅಣಕಿಸುವಂತೆ ಹಾಡಿದರು. ಅದು ಹಾಗೆ ಹಾಡಬೇಕಾದ ಸಾಲು ಎಂದು ನನಗೆ ಗೊತ್ತೇ ಇರಲಿಲ್ಲ. ಮೂರನೆಯ ನುಡಿ ಮುಗಿದಾಗ ಸ್ಟುಡಿಯೋದವರ ಕೈ ರೂಢಿಯಂತೆ ಗುಂಡಿಯ ಕಡೆ ಹೋಯಿತು. ನಾನು ನೋಡಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

ಐದನೆಯ ನುಡಿಯ ಹೊತ್ತಿಗೆ ಮಾಸ್ತರರು ಕಣ್ಣು ಮುಚ್ಚಿದ್ದರು. ಒಂದು ಕಡೆ ದನಿ ಒಡೆಯಿತು, ಮತ್ತೆ ಹಾಡುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೊನೆಯ ನುಡಿಯಲ್ಲಿ ತುಕ್ಕಾನಟ್ಟಿಯ ಹೆಸರು ಹೇಳಿ, ಗುರುವಿನ ಹೆಸರು ಹೇಳಿ, ತಮ್ಮ ಹೆಸರು ಬಂದಾಗ ಸ್ವಲ್ಪ ಅವಸರ ಮಾಡಿದರು, ಮಂದಿಯ ಮುಂದೆ ತಮ್ಮ ಬಗ್ಗೆ ಹೇಳಿಕೊಳ್ಳಲು ನಾಚುವವರ ಹಾಗೆ. ತಾಳ ನಿಂತಿತು. ಅವರು ನೀರು ಕುಡಿದು, ಬಾಯಿ ಒರೆಸಿಕೊಂಡು, ಗಾಜಿನ ಮೂಲಕ ನನ್ನ ಕಡೆ ನೋಡಿದರು.

“ಹೂಂ ತಂಗಿ, ಮುಂದಿಂದು ಯಾವ್ದು?”